ರಜೆಯ ಹಡಗು ಮತ್ತು ಬೇರೆಯವರ ಮಕ್ಕಳು

ಶಾಲೆಗಳಿಗೆ ರಜೆಯಿರುವ ವಾರಗಳಲ್ಲಿ ಕ್ರೂಸ್ ಹಡಗಿನಲ್ಲಿ ಹೋಗಿಬಂದವರ ದೂರುಗಳಿಗೆ ಒಂದು ಸಿದ್ಧ ಧಾಟಿಯಿದೆ. ಈಜುಕೊಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಕೂಝಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಹುಡುಗರೇ. ರಾತ್ರಿ ಹನ್ನೊಂದಾದರೂ ಕ್ಯಾಬಿನ್ನುಗಳ ನಡುವಿನ ಓಣಿಯಲ್ಲಿ ಓಟದ ಸದ್ದು. ಲಿಫ್ಟಿನ ಅಷ್ಟೂ ಗುಂಡಿ ಒತ್ತಿ ಇಳಿದುಹೋದವರು. ಬಫೆಯಲ್ಲಿ ತಿಂಡಿಯನ್ನು ಬರಿಗೈಯಲ್ಲಿ ಎತ್ತಿ ಮತ್ತೆ ಅಲ್ಲೇ ಇಟ್ಟವರು. ಇವರ ಅಪ್ಪ ಅಮ್ಮ ಎಲ್ಲಿದ್ದರೋ ಯಾರಿಗೂ ಗೊತ್ತಿಲ್ಲ. ಮಯಾಮಿಯಿಂದ ಕೆರಿಬಿಯನ್ ದ್ವೀಪಗಳಿಗೆ, ಸೌತಾಂಪ್ಟನ್‌ನಿಂದ ನಾರ್ವೆಗೆ, ಸಿಂಗಪುರದಿಂದ ಮಲೇಷ್ಯಾದ ಬಂದರುಗಳಿಗೆ ಹೋಗುವ ಹಡಗುಗಳ ಬಗ್ಗೆಯೆಲ್ಲ ಈ ಮಾತು ಕೇಳಿಬರುತ್ತದೆ. ತೀರ್ಮಾನವೂ ಹೆಚ್ಚುಕಡಿಮೆ ಒಂದೇ: ನಾವು ದುಡ್ಡು ಕೊಟ್ಟು ನೆಮ್ಮದಿ ಕೊಂಡಿದ್ದೆವು, ಬೇರೆಯವರ ಮಕ್ಕಳು ಅದನ್ನು ಕಿತ್ತುಕೊಂಡರು. ದೂರಿನಲ್ಲಿರುವ ಒಂದೊಂದು ಸಂಗತಿಯೂ ನಿಜವಾಗಿರಬಹುದು. ಆದರೆ ಅವುಗಳಿಂದ ಈ ತೀರ್ಮಾನ ಹುಟ್ಟುವುದಿಲ್ಲ. ಹುಟ್ಟುತ್ತದೆ ಎಂದು ನಂಬಿರುವುದರಿಂದ ನಾವು ಕೇಳಬೇಕಾದವರನ್ನು ಕೇಳದೆ, ಉತ್ತರ ಕೊಡಲಾಗದ ಚಿಕ್ಕವರ ಮೇಲೆ ಹರಿಹಾಯುತ್ತಿದ್ದೇವೆ ಎಂಬುದು ನನ್ನ ವಾದ.

ಮೊದಲು ಈ ನಂಬಿಕೆಗೆ ನ್ಯಾಯ ಸಲ್ಲಿಸಬೇಕು. ಅದರ ಹಿಂದೆ ಗಟ್ಟಿ ಕಾರಣಗಳಿವೆ. ಊರಿನ ಹೋಟೆಲಿನಲ್ಲಿ ಗಲಾಟೆಯಾದರೆ ಹೊರಗೆ ನಡೆದುಹೋಗಬಹುದು, ಬೇರೆ ಹೋಟೆಲು ಹುಡುಕಬಹುದು. ನಡುಗಡಲಿನಲ್ಲಿ ಅದು ಸಾಧ್ಯವಿಲ್ಲ. ಹಣವನ್ನು ತಿಂಗಳುಗಳ ಮೊದಲೇ ಕಟ್ಟಿರುತ್ತೇವೆ, ಹೊರಡುವ ದಿನ ಹತ್ತಿರವಾದ ಮೇಲೆ ಅದು ವಾಪಸು ಬರುವುದಿಲ್ಲ. ಅನೇಕರಿಗೆ ಇದು ವರ್ಷಗಟ್ಟಲೆ ಕೂಡಿಟ್ಟ ದುಡ್ಡಿನ ಪ್ರವಾಸ. ಕೆಲವರು ಕಾಯಿಲೆಯಿಂದ ಎದ್ದು, ಕೆಲವರು ಸಂಗಾತಿಯನ್ನು ಕಳೆದುಕೊಂಡ ಮೇಲೆ, ಸಮುದ್ರ ನೋಡುತ್ತಾ ಸುಮ್ಮನೆ ಕೂರಬೇಕೆಂದು ಬಂದಿರುತ್ತಾರೆ. ಅಂಥವರ ಪಾಲಿಗೆ ಕಿವಿಯ ಪಕ್ಕದ ಕಿರುಚಾಟ ಸಣ್ಣ ಕಿರಿಕಿರಿಯಲ್ಲ. ತಮ್ಮ ಮಕ್ಕಳನ್ನು ಹಡಗಿನ ಪಾಲಿಗೆ ಬಿಟ್ಟು ಬಾರಿನಲ್ಲೋ ಕ್ಯಾಸಿನೊದಲ್ಲೋ ಕೂರುವ ತಂದೆತಾಯಿಗಳೂ ಇದ್ದಾರೆ. ಆದ್ದರಿಂದ ದೂರುವವರನ್ನು ಮಕ್ಕಳ ದ್ವೇಷಿಗಳು ಎಂದು ತಳ್ಳಿಹಾಕುವುದು ಅನ್ಯಾಯ. ಅವರಲ್ಲಿ ಅನೇಕರು ಸ್ವತಃ ಮಕ್ಕಳನ್ನು ಬೆಳೆಸಿದವರೇ.

ತೊಡಕಿರುವುದು ಬೇರೆ ಕಡೆ. "ಮಕ್ಕಳ ಕಾಟ" ಎಂಬ ಒಂದೇ ಮಾತಿನಡಿ ಮೂರು ಬೇರೆಬೇರೆ ಸಂಗತಿಗಳು ಸೇರಿಕೊಂಡಿವೆ:

1. ಮಕ್ಕಳು ಇರುವುದು. ಅಂದರೆ ಅವರ ಧ್ವನಿ, ಆಟ, ಅಳು, ಕೇಕೆ. ಯಾವ ತಪ್ಪನ್ನೂ ಮಾಡದ ಮಗುವಿನ ಜೊತೆಯಲ್ಲೂ ಬರುವಂಥವು.

2. ಕೆಲವು ಮಕ್ಕಳು ನಿಯಮ ಮುರಿಯುವುದು.

3. ಹಡಗಿನಲ್ಲಿ ಜನ ಕಿಕ್ಕಿರಿದಿರುವುದು.

ಮೊದಲನೆಯದಕ್ಕೆ ಯಾರೂ ಹೊಣೆಯಲ್ಲ, ಎರಡನೆಯದಕ್ಕೆ ಆ ಮಗು, ಅದರ ಹೆತ್ತವರು ಮತ್ತು ನಿಯಮವನ್ನು ಜಾರಿ ಮಾಡಬೇಕಾದವರು ಹೊಣೆ, ಮೂರನೆಯದಕ್ಕೆ ಟಿಕೆಟ್ ಮಾರಿದವರು ಹೊಣೆ. ದೂರು ಈ ಮೂರನ್ನೂ ಕಲಸಿಬಿಡುವುದರಿಂದ ಮೂರನೆಯದರ ಸಿಟ್ಟು ಮೊದಲನೆಯದರ ಮೇಲೆ ತಿರುಗುತ್ತದೆ. ಒಂದೊಂದನ್ನೇ ಬಿಡಿಸಿ ನೋಡೋಣ.

"ನೆಮ್ಮದಿ ಕೊಂಡಿದ್ದೆ" ಎಂಬ ಮಾತಿನಿಂದ ಆರಂಭಿಸಬೇಕು. ಟಿಕೆಟ್ ಕೊಂಡವರಿಗೆ ಸಿಕ್ಕಿದ್ದು ಏನು? ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕ್ಯಾಬಿನ್, ಊಟ, ಮತ್ತು ಕೊಳ, ಡೆಕ್, ರಂಗಮಂದಿರಗಳಲ್ಲಿ ಉಳಿದವರ ಜೊತೆಗಿನ ಒಂದು ಪಾಲು. ಅಷ್ಟೇ ಹಣ, ಹಲವು ಸಲ ಅದಕ್ಕಿಂತ ಹೆಚ್ಚು ಹಣ ಕೊಟ್ಟು ಬಂದ ಕುಟುಂಬಕ್ಕೂ ಅದೇ ಪಾಲಿದೆ. ಮಕ್ಕಳಿಲ್ಲದ ನೆಮ್ಮದಿಯನ್ನೇ ಮಾರುವವರೂ ಇದ್ದಾರೆ, ಗುಟ್ಟಾಗಿಯೂ ಅಲ್ಲ. ವೈಕಿಂಗ್ ಕಂಪನಿಯ ಸಾಗರಯಾನದ ಹಡಗುಗಳು, ವರ್ಜಿನ್ ವಾಯೇಜಸ್‌ನ ಹಡಗುಗಳು ಹದಿನೆಂಟು ತುಂಬದವರನ್ನು ಹತ್ತಿಸಿಕೊಳ್ಳುವುದಿಲ್ಲ. ಬ್ರಿಟನ್ನಿನ ಪಿ ಅಂಡ್ ಒ ಕಂಪನಿ ಅಯೋನಾ, ಆರ್ವಿಯಾದಂಥ ಕುಟುಂಬಗಳ ಹಡಗುಗಳ ಜೊತೆಗೇ ಆರ್ಕೇಡಿಯಾ ಮತ್ತು ಅರೋರಾ ಎಂಬ ಎರಡನ್ನು ವಯಸ್ಕರಿಗೆಂದೇ ಮೀಸಲಿಟ್ಟಿದೆ. ಎರಡೂ ಬಗೆಯ ಸರಕು ಒಂದೇ ಅಂಗಡಿಯಲ್ಲಿರುವಾಗ, ನೀರುಜಾರುಬಂಡೆ ಇರುವ ಹಡಗನ್ನು ಆಗಸ್ಟ್ ತಿಂಗಳಿಗೆ ಕಾಯ್ದಿರಿಸಿದವರು ಆರ್ಕೇಡಿಯಾದ ಮೌನವನ್ನು ಅಲ್ಲಿ ನಿರೀಕ್ಷಿಸುವುದಕ್ಕೆ ಒಪ್ಪಂದದಲ್ಲಿ ಆಧಾರವಿಲ್ಲ. ಇದು ಕಾನೂನಿನ ಅಂಶ ಮಾತ್ರವಲ್ಲ. ಆ ಹಡಗಿನ ದೊಡ್ಡ ಗಾತ್ರ, ಅದರಲ್ಲಿನ ಬಗೆಬಗೆಯ ಮನರಂಜನೆ, ಅಷ್ಟು ಬಂದರುಗಳಿಗೆ ಅಷ್ಟು ದರದಲ್ಲಿ ಹೋಗುವ ಅನುಕೂಲ, ಇವೆಲ್ಲ ಸಾಧ್ಯವಾಗಿರುವುದೇ ಕುಟುಂಬಗಳು ಸಾವಿರಗಟ್ಟಲೆ ಹತ್ತುವುದರಿಂದ. ಒಂಟಿಯಾಗಿ ಬಂದವರೂ ಆ ಅನುಕೂಲದ ಫಲಾನುಭವಿಗಳೇ.

ಇದಕ್ಕೆ ಬರುವ ಮೊದಲ ಆಕ್ಷೇಪ, ಹಾಗಿದ್ದರೆ ಕುಟುಂಬಗಳೇ ಬೇರೆ ವಾರಗಳಲ್ಲಿ ಹಂಚಿಕೊಂಡು ಬರಬಹುದಲ್ಲ ಎಂಬುದು. ಬರಲಾರರು. ಇಂಗ್ಲೆಂಡಿನಲ್ಲಿ ಶಾಲೆ ನಡೆಯುವ ದಿನಗಳಲ್ಲಿ ಅನುಮತಿಯಿಲ್ಲದೆ ಮಗುವನ್ನು ಪ್ರವಾಸಕ್ಕೆ ಕರೆದೊಯ್ದರೆ ತಂದೆ ತಾಯಿ ಇಬ್ಬರಿಗೂ, ಒಂದೊಂದು ಮಗುವಿಗೂ ದಂಡ ಬೀಳಬಹುದು. 2024ರ ಆಗಸ್ಟ್‌ನಿಂದ ಅದು ಮೊದಲ ಸಲಕ್ಕೆ 21 ದಿನಗಳೊಳಗೆ ಕಟ್ಟಿದರೆ 80 ಪೌಂಡ್, ತಡವಾದರೆ 160. ತನ್ನ ಮಗಳನ್ನು ಶಾಲೆಯ ದಿನಗಳಲ್ಲಿ ಪ್ರವಾಸಕ್ಕೆ ಕರೆದೊಯ್ದ ತಂದೆಯೊಬ್ಬರ ಪ್ರಕರಣ ಬ್ರಿಟನ್ನಿನ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2017ರಲ್ಲಿ ನ್ಯಾಯಾಲಯ ತಂದೆಯ ವಿರುದ್ಧವೇ ತೀರ್ಪಿತ್ತಿತು. ಅಂದರೆ ವರ್ಷದ ಸುಮಾರು 39 ವಾರಗಳ ಬಾಗಿಲನ್ನು ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ ಕಾನೂನೇ ಮುಚ್ಚಿದೆ. ಉಳಿದ 13 ವಾರಗಳಲ್ಲಿ ಬೇಡಿಕೆ ಹೆಚ್ಚೆಂದು ದರವೂ ಏರಿರುತ್ತದೆ. ನಿವೃತ್ತ ದಂಪತಿಗೆ ಸೆಪ್ಟೆಂಬರ್ ಮಧ್ಯಭಾಗ, ನವೆಂಬರ್, ಜನವರಿ ಎಲ್ಲವೂ ತೆರೆದಿದೆ, ಕಡಿಮೆ ದರದಲ್ಲಿ ತೆರೆದಿದೆ. ಆಯ್ಕೆ ಉಳ್ಳವರು ಆಯ್ಕೆ ಇಲ್ಲದವರಿಗೆ ಸರಿದುಕೊಳ್ಳಿ ಎನ್ನುವುದು ನನಗೆ ನ್ಯಾಯವೆನಿಸುವುದಿಲ್ಲ.

ಆದರೆ ಈ ಉತ್ತರ ಎಲ್ಲರಿಗೂ ಸಾಲದು. ಮಕ್ಕಳಿಲ್ಲದ, ಅಥವಾ ಮಕ್ಕಳು ಬೆಳೆದು ದೂರವಾದ ಒಬ್ಬ ಶಾಲಾ ಶಿಕ್ಷಕಿಯನ್ನು ನೆನೆಯಿರಿ. ಅವರಿಗೂ ಅದೇ 13 ವಾರಗಳು. ವರ್ಷವಿಡೀ ಮೂವತ್ತು ಮಕ್ಕಳ ನಡುವೆ ದುಡಿದವರಿಗೆ, ಮಕ್ಕಳೆಲ್ಲ ಹಡಗು ಹತ್ತುವ ವಾರದಲ್ಲೇ ರಜೆ. ಶಾಲಾ ಬಸ್ಸಿನ ಚಾಲಕರದೂ ಶಾಲೆಯ ಅಡುಗೆಯವರದೂ ಇದೇ ಸ್ಥಿತಿ. ವಯಸ್ಕರ ಹಡಗು ಅವರಿಗೆ ಬೇಕಾದ ಬಂದರಿನಿಂದ, ಬೇಕಾದ ದಿನ, ಕೈಗೆಟುಕುವ ದರಕ್ಕೆ ಇಲ್ಲದಿರಬಹುದು. ನಿವೃತ್ತರಿಗೆ ಕೊಟ್ಟ ಉತ್ತರವನ್ನು ಇವರಿಗೆ ಕೊಡಲಾಗದು. ಇವರಿಗೆ ಸಲ್ಲಬೇಕಾದದ್ದು ಖಂಡಿತ ಇದೆ. ಕ್ಯಾಬಿನ್ನಿನ ಹೊರಗೆ ರಾತ್ರಿ ನಿಶ್ಶಬ್ದ, ಹಡಗಿನ ಒಂದು ಭಾಗದಲ್ಲಾದರೂ ದೊಡ್ಡವರಿಗೇ ಮೀಸಲಾದ ಜಾಗ, ಮತ್ತು ಆ ಮೀಸಲನ್ನು ಕಾಯುವ ಕಾವಲು. ಕಾರ್ನಿವಲ್ ಕಂಪನಿಯ ಹಡಗುಗಳಲ್ಲಿ ಸೆರೆನಿಟಿ ಎಂಬ ಡೆಕ್ಕಿನ ಭಾಗ ದೊಡ್ಡವರದು. ರಾಯಲ್ ಕೆರಿಬಿಯನ್‌ನಲ್ಲಿ ಸೋಲೇರಿಯಂ ಎಂಬ ಭಾಗಕ್ಕೆ ಹದಿನಾರು ತುಂಬಿದವರಿಗೆ ಮಾತ್ರ ಪ್ರವೇಶ. ಮಕ್ಕಳಿಗಾಗಿಯೇ ಹೆಸರಾದ ಡಿಸ್ನಿ ಹಡಗುಗಳಲ್ಲೂ ವಯಸ್ಕರ ಕೊಳ ಬೇರೆಯೇ ಇದೆ. ಶಿಕ್ಷಕಿ ಇದನ್ನು ಹಕ್ಕಿನಿಂದ ಕೇಳಬಹುದು. ಇಡೀ ಹಡಗಿನಲ್ಲಿ ಮಕ್ಕಳೇ ಇರಬಾರದೆಂದು ಕೇಳಲಾಗದು. ಮೊದಲನೆಯದು ತನ್ನ ಪಾಲನ್ನು ಕೇಳುವುದು, ಎರಡನೆಯದು ಇನ್ನೊಬ್ಬರ ಪಾಲನ್ನು ಕೇಳುವುದು.

ಈಗ ಕಿಕ್ಕಿರಿದ ಜನದ ವಿಷಯ. ದೂರುಗಳಲ್ಲಿ ಅತಿ ಹೆಚ್ಚು ತೂಕ ಇದಕ್ಕೇ ಇದೆ, ಅತಿ ಕಡಿಮೆ ಯೋಚನೆಗೆ ಸಿಕ್ಕಿರುವುದೂ ಇದೇ. ಹಡಗಿನ ಸಾಮರ್ಥ್ಯವನ್ನು ಈ ಉದ್ಯಮ ಎರಡು ರೀತಿಯಲ್ಲಿ ಲೆಕ್ಕ ಹಾಕುತ್ತದೆ. ಕ್ಯಾಬಿನ್ನಿಗೆ ಇಬ್ಬರಂತೆ ಹಿಡಿದರೆ ಒಂದು ಸಂಖ್ಯೆ. ಸೋಫಾ ಬಿಚ್ಚಿ, ಗೋಡೆಯಿಂದ ಮಡಿಸಿದ ಹಾಸಿಗೆ ಇಳಿಸಿ, ಮೂರನೆಯ ನಾಲ್ಕನೆಯ ಜನರನ್ನೂ ಸೇರಿಸಿದರೆ ಇನ್ನೊಂದು. ಜೀವರಕ್ಷಕ ದೋಣಿಗಳ ವ್ಯವಸ್ಥೆ ಈ ಎರಡನೆಯ ಸಂಖ್ಯೆಗೆ ಸಾಲುವಂತಿರಬೇಕು, ಅದನ್ನು ಮೀರುವಂತಿಲ್ಲ. 2024ರ ಜನವರಿಯಲ್ಲಿ ಮಯಾಮಿಯಿಂದ ಯಾನ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಹಡಗಿನಲ್ಲಿ ಮೊದಲ ಲೆಕ್ಕಕ್ಕೆ 5,610 ಪ್ರಯಾಣಿಕರು, ಎರಡನೆಯದಕ್ಕೆ ಸುಮಾರು 7,600. ಇದರಿಂದಲೇ ಕ್ರೂಸ್ ಕಂಪನಿಗಳ ಲೆಕ್ಕಪತ್ರದಲ್ಲಿ ಹಡಗುಗಳು ಶೇ 100ಕ್ಕಿಂತ ಹೆಚ್ಚು ತುಂಬಿದವೆಂಬ ಮಾತು ಕಾಣುವುದು. ಶಾಲೆಗಳು ನಡೆಯುವ ವಾರದಲ್ಲಿ ಕ್ಯಾಬಿನ್ನಿಗೆ ಇಬ್ಬರೇ ಇರುವುದು ಹೆಚ್ಚು. ರಜೆಯಲ್ಲಿ ಆ ಮಡಿಸಿದ ಹಾಸಿಗೆಗಳು ಇಳಿಯುತ್ತವೆ, ಅವುಗಳ ಮೇಲೆ ಮಲಗುವವರು ಮಕ್ಕಳು. ಕೊಳಗಳು ಅಷ್ಟೇ, ಲಿಫ್ಟುಗಳು ಅಷ್ಟೇ, ಬಫೆಯ ಕುರ್ಚಿಗಳೂ ಅಷ್ಟೇ. ಬಳಸುವವರು ಮೂರನೇ ಒಂದು ಪಾಲಿನಷ್ಟು ಹೆಚ್ಚಬಹುದು. ಆ ಮಕ್ಕಳೆಲ್ಲ ಕೈಕಟ್ಟಿ ಬಾಯಿಮುಚ್ಚಿ ಕೂತರೂ ಸಾಲುಗಳು ಉದ್ದವಾಗುತ್ತವೆ, ಕೊಳದ ಅಂಚಿನಲ್ಲಿ ಕೂರಲು ಜಾಗ ಸಿಗುವುದಿಲ್ಲ. ಆ ಹೆಚ್ಚುವರಿ ಎರಡು ಸಾವಿರ ಜನ ಮಕ್ಕಳ ಬದಲು ಮುದುಕರಾಗಿದ್ದರೂ ಉಸಿರುಗಟ್ಟುವುದು ಹೀಗೆಯೇ. ಇಕ್ಕಟ್ಟಿಗೆ ಕಾರಣವಾದ ನಿರ್ಧಾರ ಕಂಪನಿಯದು. ಅದೇ ವಾರಕ್ಕೆ ಹೆಚ್ಚಿನ ದರ ಪಡೆದು ಕಡಿಮೆ ಜಾಗ ಕೊಟ್ಟಿದ್ದೂ ಅದೇ. ಆದರೂ ದೂರುವವರ ಕಣ್ಣಿಗೆ ಬೀಳುವುದು ಎದುರಿಗೆ ನೀರೆರಚುವ ಹುಡುಗ.

ನಿಯಮ ಮುರಿಯುವುದರ ಬಗ್ಗೆ ನನಗೆ ಯಾವ ರಿಯಾಯಿತಿಯೂ ಇಲ್ಲ. ಡೈಪರ್ ಹಾಕುವ ಕೂಸನ್ನು ಕೊಳಕ್ಕಿಳಿಸಬಾರದೆಂಬ ನಿಯಮ ಹೆಚ್ಚಿನ ಹಡಗುಗಳಲ್ಲಿದೆ, ಅದರ ಹಿಂದೆ ಆರೋಗ್ಯದ ಕಾರಣವಿದೆ. ಅದನ್ನು ಮೀರುವ ತಾಯಿತಂದೆಗಳು ಎಲ್ಲರಿಗೂ ಅಪಾಯ ತರುತ್ತಾರೆ. ನನ್ನ ತಕರಾರು ಲೆಕ್ಕ ಹಾಕುವ ರೀತಿಯ ಬಗ್ಗೆ. ನಸುಕಿನಲ್ಲೇ ಹತ್ತು ಕುರ್ಚಿಗಳ ಮೇಲೆ ಟವೆಲ್ ಹಾಸಿ ಮಧ್ಯಾಹ್ನದವರೆಗೆ ಕಾಣೆಯಾಗುವವರು, ಕುಡಿದು ಓಣಿಯಲ್ಲಿ ಹಾಡುವವರು, ಬಾಲ್ಕನಿಯಲ್ಲಿ ಸಿಗರೇಟು ಸೇದುವವರು, ಮೊಬೈಲಿನ ಸದ್ದನ್ನು ಇಡೀ ಡೆಕ್ಕಿಗೆ ಕೇಳಿಸುವವರು ಎಲ್ಲ ವಾರಗಳಲ್ಲೂ ಇದ್ದಾರೆ. ಅವರ ತಪ್ಪನ್ನು ನಾವು ಆಯಾ ವ್ಯಕ್ತಿಯ ತಪ್ಪೆಂದೇ ಎಣಿಸುತ್ತೇವೆ. ಐವತ್ತರ ಗಂಡಸರನ್ನೆಲ್ಲ ಹಡಗಿನಿಂದ ದೂರವಿಡಿ ಎನ್ನುವುದಿಲ್ಲ. ಹತ್ತು ವರ್ಷದವನು ತಪ್ಪಿದಾಗ ಮಾತ್ರ ಅದು "ಮಕ್ಕಳ" ತಪ್ಪಾಗುತ್ತದೆ. ಭಾರತೀಯ ಪ್ರವಾಸಿಗಳಿಗೆ ಈ ಅನ್ಯಾಯದ ರುಚಿ ಚೆನ್ನಾಗಿ ಗೊತ್ತು. ಸಿಂಗಪುರದ ಹಡಗಿನ ಬಫೆಯಲ್ಲಿ ನಮ್ಮವರ ಒಂದು ಗುಂಪು ಸಾಲು ಮುರಿದರೆ, ಸಾಲಿನಲ್ಲಿ ಸುಮ್ಮನೆ ನಿಂತ ಬೆಂಗಳೂರಿನ ದಂಪತಿಯತ್ತಲೂ ಅದೇ ನೋಟ ತಿರುಗುತ್ತದೆ. ಆಗ ನಮಗೆ ನೋವಾಗುವುದು ಸರಿ. ಆ ನೋವಿಗೆ ಕಾರಣವಾದ ತರ್ಕವನ್ನೇ ಏಪ್ರಿಲ್-ಮೇ ರಜೆಯಲ್ಲಿ ಪಕ್ಕದ ಟೇಬಲ್ಲಿನ ಮಗುವಿಗೆ ಅನ್ವಯಿಸುವುದು ತಪ್ಪು.

ರೋಗ ಹರಡುವವರು ಮಕ್ಕಳೇ ಎಂಬ ಮಾತೂ ಇದೇ ಜಾತಿಯದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1970ರ ದಶಕದಿಂದಲೂ ಹಡಗುಗಳ ನೈರ್ಮಲ್ಯದ ತಪಾಸಣೆ ನಡೆಸುತ್ತಿದೆ, ವಾಂತಿಭೇದಿ ಹಬ್ಬಿದ ಯಾನಗಳ ವಿವರ ಪ್ರಕಟಿಸುತ್ತದೆ. 2023ರ ಜೂನ್‌ನಲ್ಲಿ ಅಂಥದ್ದೊಂದು ಯಾನ ವೈಕಿಂಗ್ ನೆಪ್ಚೂನ್ ಹಡಗಿನದು. ಎಂಟುನೂರು ಚಿಲ್ಲರೆ ಪ್ರಯಾಣಿಕರಲ್ಲಿ ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಅದು ಮಕ್ಕಳನ್ನೇ ಹತ್ತಿಸದ ಕಂಪನಿಯ ಹಡಗು. ಪುಟ್ಟ ಮಕ್ಕಳು ಕೈ ಸರಿಯಾಗಿ ತೊಳೆಯದಿರಬಹುದು, ನಿಜ. ಕೈ ತೊಳೆಯದ ದೊಡ್ಡವರಿಗೂ ವೈರಾಣುವಿಗೂ ನಡುವೆ ವಯಸ್ಸು ಅಡ್ಡಗೋಡೆಯಾಗಿ ನಿಲ್ಲುವುದಿಲ್ಲ.

ಇಲ್ಲೊಂದು ಬಲವಾದ ಪ್ರತಿವಾದವಿದೆ. ಮಕ್ಕಳು ಒಂದು ಜನಾಂಗವೋ ದೇಶದವರೋ ಅಲ್ಲ. ವಯಸ್ಸಿನಿಂದ ವರ್ಗೀಕರಿಸುವುದನ್ನು ಕಾನೂನೂ ಒಪ್ಪುತ್ತದೆ. ವಾಹನ ಚಲಾಯಿಸಲು, ಮದ್ಯ ಕೊಳ್ಳಲು, ಮತ ಹಾಕಲು ವಯಸ್ಸಿನ ಮಿತಿಯಿದೆಯಲ್ಲ? ಭಾರತೀಯ ಪ್ರವಾಸಿಗಳ ಜೊತೆಗಿನ ನನ್ನ ಹೋಲಿಕೆ ಪೂರ್ತಿ ಹೊಂದುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಮಿತಿಗಳೆಲ್ಲ ಒಂದೊಂದು ಕ್ರಿಯೆಗೆ ಸಂಬಂಧಿಸಿದವು, ಆ ಕ್ರಿಯೆಗೆ ಬೇಕಾದ ಸಾಮರ್ಥ್ಯವನ್ನೋ ಅದರಿಂದಾಗುವ ಅಪಾಯವನ್ನೋ ನೋಡಿ ಹಾಕಿದವು. ಬಿಸಿನೀರಿನ ಜಕೂಝಿಗೆ, ಕ್ಯಾಸಿನೊಗೆ, ಸೋಲೇರಿಯಂಗೆ ವಯಸ್ಸಿನ ಮಿತಿ ಹಾಕುವುದು ಈ ಬಗೆಯದು, ಅದಕ್ಕೆ ನನ್ನ ಸಮ್ಮತಿಯಿದೆ. ಊಟಮಾಡುವುದು, ಈಜುವುದು, ಸಮುದ್ರ ನೋಡುವುದು, ನಗುವುದು, ಇವಕ್ಕೆ ಅಂಥ ಮಿತಿಗೆ ಕಾರಣವೇನಿದೆ? ನಡತೆಗೆ ನಿಯಮ ಬೇಕು ಎಂದಾದರೆ ಅದೂ ಸಾಧ್ಯ. ಕಾರ್ನಿವಲ್ ಹಡಗುಗಳಲ್ಲಿ ಹದಿನೇಳು ಮತ್ತು ಅದಕ್ಕಿಂತ ಕೆಳಗಿನವರು ರಾತ್ರಿ ಒಂದು ಗಂಟೆಯ ನಂತರ ದೊಡ್ಡವರ ಜೊತೆಯಿಲ್ಲದೆ ಸಾರ್ವಜನಿಕ ಜಾಗಗಳಲ್ಲಿ ಇರುವಂತಿಲ್ಲ. ಇಂಥ ನಿಯಮ ಮಗುವನ್ನು ಹೊರಗಿಡದೆಯೇ ರಾತ್ರಿಯ ನೆಮ್ಮದಿಯನ್ನು ಕಾಯುತ್ತದೆ. ಗಂಟೆ ಒಂದರ ಬದಲು ಹನ್ನೊಂದು ಎಂದಿದ್ದರೆ ಇನ್ನೂ ಒಳ್ಳೆಯದಿತ್ತು.

ಹೆತ್ತವರ ಹೊಣೆಗೆ ಬರೋಣ. ಅವರು ತಪ್ಪಿತಸ್ಥರೇ, ಆದರೆ ಅವರಷ್ಟೇ ಅಲ್ಲ. ಕ್ರೂಸ್ ಜಾಹೀರಾತುಗಳು ಅವರಿಗೆ ಕೊಡುವ ಆಶ್ವಾಸನೆಯನ್ನು ನೋಡಿ. ಮೂರು ವರ್ಷ ತುಂಬಿ ಶೌಚದ ಅಭ್ಯಾಸವಾದ ಮಕ್ಕಳಿಗೆ ಕಿಡ್ಸ್ ಕ್ಲಬ್, ಹದಿಹರೆಯದವರಿಗೆ ಬೇರೆ ಕ್ಲಬ್, ಹಗಲಿಡೀ ಉಚಿತ, ನೀವಿಬ್ಬರೂ ನಿಶ್ಚಿಂತೆಯಿಂದಿರಿ. ಪಾಳಿಯ ಕೆಲಸ, ಮನೆ, ಸಾಲದ ಕಂತುಗಳ ನಡುವೆ ವರ್ಷಕ್ಕೊಮ್ಮೆ ಉಸಿರಾಡಲು ಬಂದ ತಂದೆತಾಯಿ ಇದನ್ನು ನಂಬಿದರೆ ಅಚ್ಚರಿಯಿಲ್ಲ. ಆದರೆ ಊಟದ ಹೊತ್ತಿಗೋ ಬಂದರಿನ ದಿನಗಳಲ್ಲೋ ಕ್ಲಬ್ ಮುಚ್ಚಿರಬಹುದು, ರಜೆಯಲ್ಲಿ ಬೇಗ ತುಂಬುತ್ತದೆ, ಸ್ವಲ್ಪ ದೊಡ್ಡ ಮಕ್ಕಳು ಪೋಷಕರ ಒಪ್ಪಿಗೆಯಿದ್ದರೆ ತಾವೇ ಸಹಿ ಹಾಕಿ ಹೊರಬರಬಹುದು. ಓಣಿಯಲ್ಲಿ ಓಡುವ ಹನ್ನೊಂದರ ಹುಡುಗ ಬಹಳ ಸಲ ಬರುವುದು ಈ ಸಂದಿಯಿಂದ. ಅವನನ್ನು ನಿಲ್ಲಿಸಬೇಕಾದವರು ಯಾರು? ಹಡಗಿನ ಸಿಬ್ಬಂದಿ ಎನ್ನುತ್ತೇವೆ. ಅವರ ಸ್ಥಿತಿ ನೋಡಿ: ಫಿಲಿಪೀನ್ಸ್, ಇಂಡೋನೇಷ್ಯಾ, ಭಾರತದಿಂದ, ನಮ್ಮ ಮಂಗಳೂರು, ಉಡುಪಿ ಕಡೆಯಿಂದಲೂ ಬಂದು, ತಿಂಗಳುಗಟ್ಟಲೆ ವಾರದ ರಜೆಯಿಲ್ಲದೆ ದುಡಿಯುವವರು. ಅನೇಕರ ಸಂಪಾದನೆಯ ಬಹುಭಾಗ ಪ್ರಯಾಣಿಕರ ಟಿಪ್ಸ್. ಯಾನದ ಕೊನೆಗೆ ಪ್ರಯಾಣಿಕರು ತುಂಬುವ ಅಭಿಪ್ರಾಯ ಪತ್ರ ಅವರ ಮುಂದಿನ ಗುತ್ತಿಗೆಯ ಮೇಲೆ ನೆರಳು ಬೀರುತ್ತದೆ. ಅಂಥ ಹುಡುಗಿಯೊಬ್ಬಳು ಸಾವಿರಾರು ಡಾಲರ್ ಕೊಟ್ಟು ಬಂದವರ ಮಗನನ್ನು ಗದರಬೇಕೆಂದು ನಿರೀಕ್ಷಿಸುವುದು ಕ್ರೂರ. ನಿಯಮ ಜಾರಿ ಮಾಡುವ ಕೆಲಸ ಟಿಪ್ಸ್ ನಂಬದ, ಅಧಿಕಾರವುಳ್ಳ ಸಿಬ್ಬಂದಿಯದಾಗಬೇಕು. ರಜೆಯ ವಾರಗಳಲ್ಲಿ ಅಂಥವರ ಸಂಖ್ಯೆ ಹೆಚ್ಚಬೇಕು. ಹೆಚ್ಚಿನ ದರ ಪಡೆದವರಿಂದ ಇದನ್ನು ಕೇಳುವುದು ದುಬಾರಿ ಬೇಡಿಕೆಯಲ್ಲ.

ನಾನು ವಿರೋಧಿಸುತ್ತಿರುವ ನಂಬಿಕೆಗೆ ಎದುರಾಗಿ ಇನ್ನೊಂದು ಇದೆ, ಅದೂ ಅಷ್ಟೇ ಗೊಂದಲದ್ದು: "ಮಕ್ಕಳಲ್ವಾ, ಬಿಡಿ." ರಜೆಯೆಂದರೆ ಮಕ್ಕಳದು, ಸಹಿಸದವರು ಬರಬೇಡಿ ಎನ್ನುವ ಈ ಮಾತು ನಮ್ಮ ಮನೆಗಳಲ್ಲಿ ಸಲೀಸಾಗಿ ಬರುತ್ತದೆ. ಅಮೆರಿಕದಲ್ಲಿರುವ ಮಗನ ಮನೆಗೆ ಮೊಮ್ಮಕ್ಕಳ ರಜೆಯ ಹೊತ್ತಿಗೆ ಹೋಗಿ, ಅವರ ಜೊತೆ ಫ್ಲಾರಿಡಾದಿಂದಲೋ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಿಂದಲೋ ಹಡಗು ಹತ್ತುವ ಅಜ್ಜ ಅಜ್ಜಿಯರು ಈಗ ಕಡಿಮೆಯಿಲ್ಲ. ಅವರ ಸ್ಥಾನ ವಿಶಿಷ್ಟ. ಮಧ್ಯಾಹ್ನ ಡೆಕ್ಕಿನ ನೆರಳಲ್ಲಿ ಸದ್ದಿಲ್ಲದೆ ಒರಗಬೇಕು ಎನ್ನುವವರೂ ಅವರೇ, ಮೂರು ಡೆಕ್ ಕೆಳಗೆ ಯಾರದೋ ನಿದ್ದೆ ಕೆಡಿಸುತ್ತಿರುವುದು ಅವರದೇ ಮೊಮ್ಮಗ. ಎರಡೂ ಬದಿಯನ್ನು ಒಟ್ಟಿಗೆ ನೋಡಬಲ್ಲ ಅವರಿಗೆ "ಬಿಡಿ" ಎನ್ನುವ ಹಕ್ಕಿಲ್ಲ. ಮಗುವಿಗೆ ಜಾಗದ ಹಕ್ಕು ಕೊಟ್ಟಮೇಲೆ ಆ ಜಾಗದ ನಡವಳಿಕೆಯನ್ನೂ ಕಲಿಸಬೇಕಾಗುತ್ತದೆ. ಕಲಿಯಲಾರದು ಎಂದು ಬಿಟ್ಟುಬಿಡುವುದು ಮಗುವಿನ ಬುದ್ಧಿಗೆ ಮಾಡುವ ಅವಮಾನ. ಹಾಗೆಯೇ ಬೇರೆಯವರ ಮಗುವನ್ನು ಮೆದುವಾಗಿ ತಡೆದು "ಪುಟ್ಟಾ, ಇಲ್ಲಿ ಜನ ಮಲಗಿದ್ದಾರೆ" ಎನ್ನುವುದು ಹಿರಿಯರಾದ ಯಾರ ಅಧಿಕಾರದಲ್ಲೂ ಇದೆ ಎಂದೇ ನಾನು ನಂಬಿದ್ದೇನೆ. ಜಗಳವಾದೀತೆಂಬ ಅಂಜಿಕೆಯಿಂದ ಎಲ್ಲರೂ ಸುಮ್ಮನಿದ್ದು, ಆಮೇಲೆ ಕೌಂಟರಿನ ಮುಂದೆ ಸಾಲುಗಟ್ಟಿ ದೂರು ಕೊಡುತ್ತೇವೆ. ಅಷ್ಟು ಹೊತ್ತಿಗೆ ಆ ಮಗುವಿಗೆ ಯಾರೂ ಏನೂ ಹೇಳಿರುವುದಿಲ್ಲ.

ಕಂಪನಿಗಳು ನಾಳೆಯಿಂದಲೇ ಮಾಡಬಹುದಾದ ಒಂದು ಕೆಲಸವಿದೆ. ಕಾಯ್ದಿರಿಸುವಾಗ ಪ್ರತಿಯೊಬ್ಬ ಪ್ರಯಾಣಿಕನ ಹುಟ್ಟಿದ ದಿನಾಂಕ ಅವರ ಕೈ ಸೇರಿರುತ್ತದೆ. ಯಾವ ಯಾನದಲ್ಲಿ ಒಟ್ಟು ಎಷ್ಟು ಜನ, ಅವರಲ್ಲಿ ಹದಿನೆಂಟರ ಕೆಳಗಿನವರು ಎಷ್ಟು, ಯಾವ ವಯಸ್ಸಿನವರು ಎಂಬುದು ಹಡಗು ಹೊರಡುವ ವಾರಗಳ ಮೊದಲೇ ಅವರಿಗೆ ತಿಳಿದಿರುತ್ತದೆ. ಅದೇ ಮಾರ್ಗದ ಹಿಂದಿನ ವರ್ಷದ ಸಂಖ್ಯೆಯಂತೂ ಹೊಸ ಟಿಕೆಟ್ ಮಾರುವ ಮೊದಲೇ ಕೈಯಲ್ಲಿರುತ್ತದೆ. ಅದನ್ನು ಟಿಕೆಟ್ ದರದ ಪಕ್ಕದಲ್ಲೇ ಮುದ್ರಿಸಲಿ. ಇದು ಮಕ್ಕಳನ್ನು ಒಂದು ಅಪಾಯದಂತೆ ಎಣಿಸಿದಂತಾಗುವುದಿಲ್ಲವೇ ಎಂದು ಕೇಳಬಹುದು. ನಾನೇ ಮೇಲೆ ಮಾಡಿದ ವಾದಕ್ಕೆ ಇದು ವಿರುದ್ಧವೆಂದೂ ಅನ್ನಿಸಬಹುದು. ಮಕ್ಕಳ ಸಂಖ್ಯೆಯೊಂದನ್ನೇ ಹೇಳಿದರೆ ಆ ಆಕ್ಷೇಪಕ್ಕೆ ಬಲವಿರುತ್ತದೆ. ಒಟ್ಟು ಪ್ರಯಾಣಿಕರ ಸಂಖ್ಯೆಯನ್ನೂ ಕಿಡ್ಸ್ ಕ್ಲಬ್ಬಿನಲ್ಲಿ ಒಮ್ಮೆಗೆ ಎಷ್ಟು ಮಕ್ಕಳಿಗೆ ಜಾಗವಿದೆ ಎಂಬುದನ್ನೂ ಜೊತೆಗೆ ಹೇಳಿದರೆ ಇರುವುದಿಲ್ಲ. ಆಗ ನಿವೃತ್ತರು ಬೇರೆ ವಾರವನ್ನು ಆರಿಸಿಕೊಳ್ಳುತ್ತಾರೆ, ಶಿಕ್ಷಕಿ ಬೇರೆ ಹಡಗನ್ನು ಹುಡುಕುತ್ತಾರೆ, ಮತ್ತು ಆರು ವರ್ಷದ ಮಗಳಿಗೆ ಅವಳ ವಯಸ್ಸಿನ ಜೊತೆಗಾರರು ಸಿಗುತ್ತಾರೆಯೇ, ಕ್ಲಬ್ಬಿನಲ್ಲಿ ಅವಳಿಗೆ ಜಾಗವಿದೆಯೇ ಎಂಬುದು ಅವಳ ತಾಯಿಗೆ ಹಣ ಕಟ್ಟುವ ಮೊದಲೇ ತಿಳಿಯುತ್ತದೆ.